ಕಾಲೇಜಲ್ಲಿ ರೇಡಿಯೊ ಇದೆ, ಹಾಡು ಯಾಕಿಲ್ಲ?

ಅಕ್ಕನ ಮಗ ಈ ವರ್ಷ ಡಿಗ್ರಿಗೆ ಸೇರಿದ. ಮೊದಲ ವಾರ ಮುಗಿಸಿ ಮನೆಗೆ ಬಂದವನು ಬ್ಯಾಗ್ ಇಳಿಸುವ ಮೊದಲೇ ಕೇಳಿದ: ‘ಚಿಕ್ಕಮ್ಮ, ನಮ್ ಕಾಲೇಜಲ್ಲಿ ಎಫ್‌ಎಂ ಸ್ಟೇಷನ್ ಇದೆ ಗೊತ್ತಾ? ಆದ್ರೆ ಹಾಡೇ ಹಾಕಲ್ಲ. ಬರೀ ಡೆಂಗಿ, ಬ್ಯಾಂಕ್ ಸಾಲ, ಎರೆಹುಳು ಗೊಬ್ಬರ. ಅದ್ಯಾವ ಸೀಮೆ ರೇಡಿಯೊ?’

ಊಟಕ್ಕೆ ಬಡಿಸುತ್ತಾ ಉತ್ತರ ಶುರು ಮಾಡಿದೆ. ಅವನ ಮಜ್ಜಿಗೆ ಅನ್ನ ಮುಗಿದರೂ ನಾನಿನ್ನೂ 1952ರಲ್ಲೇ ಇದ್ದೆ. ‘ಆಮೇಲೆ ಹೇಳು’ ಅಂತ ಕೈ ತೊಳೆಯಲು ಎದ್ದ. ಆ ಆಮೇಲೆ ಬರಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನಾನೂ ಒಂದು ಕಾಲದಲ್ಲಿ ಕಾಲೇಜು ರೇಡಿಯೊದಲ್ಲಿ ಕೂತು ಮೈಕ್ ಮುಂದೆ ಮಾತಾಡಿದವಳು. ಇವನು ಕೇಳಿದ ಪ್ರಶ್ನೆಯನ್ನೇ ಆಗ ನಮ್ಮ ಮೇಷ್ಟ್ರಿಗೆ ಕೇಳಿದ್ದೆ.

ಮೊದಲು ಒಂದು ವಿಷಯ. ಕರ್ನಾಟಕದಲ್ಲಿ ರೇಡಿಯೊ ಹುಟ್ಟಿದ್ದೇ ಕಾಲೇಜು ಮೇಷ್ಟ್ರ ಮನೆಯಲ್ಲಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳಿಕೊಡುತ್ತಿದ್ದ ಎಂ.ವಿ. ಗೋಪಾಲಸ್ವಾಮಿ ಅವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ‘ವಿಠಲ ವಿಹಾರ’ದಿಂದ ಪ್ರಸಾರ ಶುರು ಮಾಡಿದರು. ಟ್ರಾನ್ಸ್‌ಮಿಟರ್ ಶಕ್ತಿ 30 ವ್ಯಾಟ್. ಹಳೆಯ ಕಾಲದ ಒಂದು ಟ್ಯೂಬ್‌ಲೈಟಿಗಿಂತ ಕಮ್ಮಿ. ಆಕಾಶವಾಣಿ ಅನ್ನುವ ಹೆಸರು ಬಂದದ್ದು ಅಲ್ಲಿಂದಲೇ. 1940ರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು. ಸ್ವಾತಂತ್ರ್ಯ ಬಂದ ಮೇಲೆ ಕೇಂದ್ರ ಸರ್ಕಾರದ ಕೈ ಸೇರಿತು, 1955ರಲ್ಲಿ ಬೆಂಗಳೂರಿಗೆ ಬಂತು. ಹೆಸರು ಮಾತ್ರ ಇಡೀ ದೇಶದ ರೇಡಿಯೊಗೆ ಅಂಟಿಕೊಂಡಿತು.

ಮೇಷ್ಟ್ರ ಮನೆಯಿಂದ ಹೊರಟ ರೇಡಿಯೊ ಮತ್ತೆ ಕಾಲೇಜಿನ ಕಾಂಪೌಂಡಿಗೆ ಬರುವುದಕ್ಕೆ ಹತ್ತಿರ ಹತ್ತಿರ 70 ವರ್ಷ ಹಿಡಿಯಿತು. ನಡುವೆ ಅಡ್ಡ ನಿಂತಿದ್ದು 1885ರ ಟೆಲಿಗ್ರಾಫ್ ಕಾಯ್ದೆ. ತಂತಿ ಇರಲಿ, ಗಾಳಿಯ ಅಲೆ ಇರಲಿ, ಎಲ್ಲ ಸರ್ಕಾರದ್ದೇ ಅನ್ನುವ ಕಾಯ್ದೆ ಅದು. ಹೇಳುವುದಷ್ಟೇ ಅಲ್ಲ, ಕೇಳುವುದಕ್ಕೂ ಅಪ್ಪಣೆ ಬೇಕಿತ್ತು. ನಮ್ಮಜ್ಜನ ಟ್ರಂಕಿನಲ್ಲಿ ರೇಡಿಯೊ ಲೈಸೆನ್ಸಿನ ಪುಟ್ಟ ಪುಸ್ತಕವೊಂದಿತ್ತು. ವರ್ಷಕ್ಕೊಮ್ಮೆ ಪೋಸ್ಟಾಫೀಸಿಗೆ ಹೋಗಿ ದುಡ್ಡು ಕಟ್ಟಿ, ಅದರಲ್ಲಿ ಸ್ಟಾಂಪ್ ಅಂಟಿಸಿಕೊಂಡು, ಮೊಹರು ಹಾಕಿಸಿಕೊಂಡು ಬರಬೇಕಿತ್ತು. 1980ರ ದಶಕದವರೆಗೂ ಇದು ನಡೆಯಿತು. ಅಜ್ಜ ಒಂದು ವರ್ಷವೂ ತಪ್ಪಿಸಿಲ್ಲ, ಪಾಪ.

ಇನ್ನು ಹಾಡಿನ ವಿಷಯ. ನಮ್ಮ ರೇಡಿಯೊಗೆ ಜನ ಮೆಚ್ಚುವ ಹಾಡಿನ ಮೇಲೆ ಮೊದಲಿನಿಂದಲೂ ಒಂದು ಅನುಮಾನ. 1940ರಿಂದ ಮೂರು ದಶಕ ಹಾರ್ಮೋನಿಯಂ ಪೆಟ್ಟಿಗೆಗೇ ಆಕಾಶವಾಣಿಯಲ್ಲಿ ಪ್ರವೇಶ ಇರಲಿಲ್ಲ. ಶ್ರುತಿಯ ಸೂಕ್ಷ್ಮ ಅದರಲ್ಲಿ ಬರುವುದಿಲ್ಲ ಅಂತ ವಾದ. 1952ರಲ್ಲಿ ಬಿ.ವಿ. ಕೇಸ್ಕರ್ ಕೇಂದ್ರದ ವಾರ್ತಾ ಮತ್ತು ಪ್ರಸಾರ ಮಂತ್ರಿಯಾದ ಮೇಲೆ ಸಿನಿಮಾ ಹಾಡಿನ ಸರದಿ. ಅವರಿಗೆ ಶಾಸ್ತ್ರೀಯ ಸಂಗೀತದ ಮೇಲೆ ನಿಜವಾದ ಪ್ರೀತಿ ಇತ್ತು. ಕೇಳುಗರ ಕಿವಿ ತಿದ್ದಬೇಕು ಅಂತ ಹೊರಟರು. ಸಿನಿಮಾ ಹಾಡು ಬಹುತೇಕ ನಿಂತೇ ಹೋಯಿತು. ಜನ ಏನು ಮಾಡಿದರು? ಮುಳ್ಳು ತಿರುಗಿಸಿ ಪಕ್ಕದ ಶ್ರೀಲಂಕಾದ ರೇಡಿಯೊ ಸಿಲೋನ್ ಹಿಡಿದರು. ಅದರಲ್ಲಿ ಹಿಂದಿ ಹಾಡು ನಿರೂಪಿಸುತ್ತಿದ್ದ ಅಮೀನ್ ಸಯಾನಿ ಮನೆಮಾತಾದರು. ಐದು ವರ್ಷ ನೋಡಿ, 1957ರ ಅಕ್ಟೋಬರ್ 3ರಂದು ಆಕಾಶವಾಣಿಯೇ ವಿವಿಧ ಭಾರತಿ ಅಂತ ಹಾಡಿಗಾಗಿಯೇ ಒಂದು ಸೇವೆ ತೆಗೆಯಿತು. ಅಲ್ಲಿಂದ ಮುಂದೆ ಕೋರಿಕೆ ಕಾರ್ಯಕ್ರಮ, ಪೋಸ್ಟ್ ಕಾರ್ಡು, ‘ಕೋರಿದವರು’ ಅಂತ ಹತ್ತು ಊರಿನ ಹೆಸರು. 1969ರಲ್ಲಿ ಕಾಲೇಜು ಹುಡುಗರಿಗೆ ಅಂತ ದೆಹಲಿಯಲ್ಲಿ ಯುವವಾಣಿ ಶುರುವಾಗಿ ನಮ್ಮ ಕಡೆಗೂ ಬಂತು. ಅದು ಚೆನ್ನಾಗಿತ್ತು. ಆದರೆ ಸ್ಕ್ರಿಪ್ಟು ಮೊದಲೇ ಕೊಟ್ಟು ಒಪ್ಪಿಗೆ ಪಡೆಯಬೇಕಿತ್ತು. ಏನು ಹಾಕಬೇಕು ಅನ್ನುವ ತೀರ್ಮಾನ ಹುಡುಗರದ್ದಾಗಿರಲಿಲ್ಲ.

ಅಮೆರಿಕದಲ್ಲಿ ಇದೇ ಹೊತ್ತಿಗೆ ಬೇರೆ ಕತೆ ನಡೆದಿತ್ತು. 1948ರಲ್ಲೇ ಅಲ್ಲಿನ ಸರ್ಕಾರ ಶಿಕ್ಷಣ ಸಂಸ್ಥೆಗಳಿಗೆ 10 ವ್ಯಾಟಿನ ಪುಟ್ಟ ಎಫ್‌ಎಂ ಸ್ಟೇಷನ್ ಇಟ್ಟುಕೊಳ್ಳಲು ಬಿಟ್ಟಿತು. ರಾತ್ರಿ ಹನ್ನೆರಡಕ್ಕೆ ಹುಡುಗರು ಕೂತು ಯಾರೂ ಕೇಳದ ಬ್ಯಾಂಡುಗಳ ರೆಕಾರ್ಡು ಹಾಕುತ್ತಿದ್ದರು. ಜಾರ್ಜಿಯಾದ ಅಥೆನ್ಸ್ ಎಂಬ ಕಾಲೇಜು ಊರಿನ ಆರ್‌ಇಎಂ ಬ್ಯಾಂಡು 1980ರ ದಶಕದಲ್ಲಿ ಮೇಲೆದ್ದು ಬಂದಿದ್ದು ಹೀಗೇ. ‘ಕಾಲೇಜ್ ರೇಡಿಯೊ’ ಅನ್ನುವುದು ಅಲ್ಲಿ ಒಂದು ಬಗೆಯ ಸಂಗೀತಕ್ಕೇ ಹೆಸರಾಗಿಬಿಟ್ಟಿತು. ನಮ್ಮಲ್ಲಿ ‘ಕಾಲೇಜ್ ರೇಡಿಯೊ’ ಅಂದರೆ ಎರೆಹುಳು ಗೊಬ್ಬರ ನೆನಪಾಗುವುದಕ್ಕೆ ಕಾರಣ ಏನು ಅಂತ ತಿಳಿಯಬೇಕಾದರೆ 1995ಕ್ಕೆ ಬರಬೇಕು.

ಆ ವರ್ಷದ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ಕ್ರಿಕೆಟ್ ಪ್ರಸಾರದ ಕೇಸಿನಲ್ಲಿ ತೀರ್ಪು ಕೊಟ್ಟಿತು: ಗಾಳಿಯ ಅಲೆಗಳು ಸಾರ್ವಜನಿಕರ ಸ್ವತ್ತು. ಮರುವರ್ಷವೇ ಬೆಂಗಳೂರಿನಲ್ಲಿ ಒಂದಷ್ಟು ಜನ ಸೇರಿ ಸಮುದಾಯಕ್ಕೂ ರೇಡಿಯೊ ಕೊಡಿ ಅಂತ ಘೋಷಣೆ ಹೊರಡಿಸಿದರು. ಸರ್ಕಾರ ಬಾಗಿಲು ತೆರೆಯಿತು, ಆದರೆ ಮೊದಲು ತೆರೆದಿದ್ದು ಹರಾಜಿನ ಬಾಗಿಲನ್ನು. 2001ರ ಜುಲೈ 3ರಂದು ದೇಶದ ಮೊದಲ ಖಾಸಗಿ ಎಫ್‌ಎಂ, ರೇಡಿಯೊ ಸಿಟಿ, ಶುರುವಾಗಿದ್ದು ಬೆಂಗಳೂರಿನಲ್ಲೇ. ಲೈಸೆನ್ಸ್ ಶುಲ್ಕ ವರ್ಷಕ್ಕೆ ಶೇ. 15ರಂತೆ ಏರುವ ಷರತ್ತು. ಆ ಭಾರ ತಾಳದೆ 2005ರಲ್ಲಿ ಆದಾಯದ ಶೇ. 4 ಕಟ್ಟಿದರೆ ಸಾಕು ಅಂತ ಬದಲಾಯಿತು. ಆಮೇಲೆ ಒಂದರ ಹಿಂದೊಂದು ಸ್ಟೇಷನ್ ಬಂದವು.

ಬೆಂಗಳೂರಿನ ಎಫ್‌ಎಂಗಳಲ್ಲಿ ಆಗ ಹಿಂದಿಯೇ ಜಾಸ್ತಿ. ಕನ್ನಡ ಹಾಡು ಹಾಕಿ ಅಂತ ಜನ ಮೇಲ್ ಬರೆದರು, ಫೋನ್ ಮಾಡಿದರು, ಕೆಲವರು ಬೀದಿಗೂ ಇಳಿದರು. 2006ರ ಡಿಸೆಂಬರ್ ಕೊನೆಗೆ ‘ಮುಂಗಾರು ಮಳೆ’ ಬಂತು. ಮನೋಮೂರ್ತಿ ಸಂಗೀತ, ಜಯಂತ ಕಾಯ್ಕಿಣಿ ಸಾಹಿತ್ಯ, ಸೋನು ನಿಗಮ್ ದನಿ. ಆ ಹಾಡುಗಳು ಆಟೊದಲ್ಲಿ, ಕಟಿಂಗ್ ಶಾಪಿನಲ್ಲಿ, ಐಟಿ ಕ್ಯಾಬಿನಲ್ಲಿ ಒಂದೇ ಸಮ ಕೇಳತೊಡಗಿದ ಮೇಲೆ ಹೆಚ್ಚು ವಾದ ಬೇಕಾಗಲಿಲ್ಲ. ಮುಂದಿನ ಕೆಲವು ವರ್ಷಗಳಲ್ಲಿ ಹೆಚ್ಚಿನ ಸ್ಟೇಷನ್ನುಗಳು ಕನ್ನಡಕ್ಕೆ ತಿರುಗಿದವು. ಕನ್ನಡ ಗೆದ್ದಿತು ಅನ್ನಿ. ಆದರೆ ಗೆದ್ದಿದ್ದು ಹೊಸ ಸಿನಿಮಾದ ಕನ್ನಡ. ಹಾಡಿನ ತುಣುಕನ್ನು ಫೋನಿನಲ್ಲಿ ಹತ್ತಾರು ಜನರಿಗೆ ಕೇಳಿಸಿ, ‘ಇಷ್ಟ’ ಅಂದದ್ದನ್ನು ಮಾತ್ರ ಪಟ್ಟಿಗೆ ಸೇರಿಸುವುದು ಈ ದಂಧೆಯ ಪದ್ಧತಿ. ಗೊತ್ತಿರುವ ಹಾಡೇ ಪಾಸಾಗುತ್ತದೆ, ಪಾಸಾದ ಹಾಡೇ ಮತ್ತೆ ಮತ್ತೆ ಕೇಳಿ ಗೊತ್ತಾಗುತ್ತದೆ. 1978ರ ‘ನಿತ್ಯೋತ್ಸವ’ದ ಕ್ಯಾಸೆಟ್ಟಿನಿಂದ ಮನೆಮನೆ ಸೇರಿದ ಭಾವಗೀತೆಗೆ ಅಲ್ಲಿ ಜಾಗ ಇರಲಿಲ್ಲ. ಕಾಲೇಜು ಫೆಸ್ಟಿನಲ್ಲಿ ಗಿಟಾರ್ ಹಿಡಿದು ಶರೀಫರ ಪದ ಹಾಡುತ್ತಿದ್ದ ಹುಡುಗರಿಗೂ ಇರಲಿಲ್ಲ. ರಘು ದೀಕ್ಷಿತ್ ಅವರ ಮೊದಲ ಆಲ್ಬಂ 2008ರಲ್ಲಿ ಬಂದಾಗ ನಾವು ಅದನ್ನು ಕೇಳಿದ್ದು ರೇಡಿಯೊದಲ್ಲಿ ಅಲ್ಲ, ಹಾಸ್ಟೆಲಿನ ಪೆನ್‌ಡ್ರೈವಿನಲ್ಲಿ.

ಇನ್ನೊಂದು ಬಾಗಿಲು ತೆರೆದದ್ದು 2002ರ ಕೊನೆಗೆ. ಹೆಸರಾಂತ ಶಿಕ್ಷಣ ಸಂಸ್ಥೆಗಳು ಕ್ಯಾಂಪಸ್‌ನಲ್ಲಿ ರೇಡಿಯೊ ನಡೆಸಬಹುದು ಅಂತ ಕೇಂದ್ರ ಒಪ್ಪಿತು. 2004ರ ಫೆಬ್ರವರಿಯಲ್ಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ ಅಣ್ಣಾ ಎಫ್‌ಎಂ ಶುರುವಾಯಿತು. ಆದರೆ ಆಗ ರೇಡಿಯೊ ಬೇಕು ಅಂತ ನಿಜವಾಗಿ ಕಾಯುತ್ತಿದ್ದವರು ಬೇರೆ ಕಡೆ ಇದ್ದರು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ನಡೆಸುತ್ತಿದ್ದ ಹೆಂಗಸರು ಲೈಸೆನ್ಸ್ ಸಿಗದೆ, ತಮ್ಮ ಕಾರ್ಯಕ್ರಮವನ್ನು ಕೇಬಲ್ ಟಿವಿಯ ವೈರಿನಲ್ಲಿ ಮನೆಮನೆಗೆ ಕಳಿಸುತ್ತಿದ್ದರು. ಗಾಳಿಯಲ್ಲಿ ಬಿಟ್ಟರೆ ಅಪರಾಧ, ವೈರಿನಲ್ಲಿ ಬಿಟ್ಟರೆ ಅಲ್ಲ. ಇಂಥವರ ಹತ್ತು ವರ್ಷದ ಒತ್ತಾಯದಿಂದ 2006ರ ನವೆಂಬರಿನಲ್ಲಿ ಹೊಸ ನೀತಿ ಬಂತು. ಸಂಘ ಸಂಸ್ಥೆಗಳೂ ರೇಡಿಯೊ ನಡೆಸಬಹುದು ಅಂತಾಯಿತು.

ಗೊಂದಲ ಶುರುವಾದದ್ದು ಇಲ್ಲಿ. ಕಾಲೇಜು ರೇಡಿಯೊ, ಹಳ್ಳಿ ರೇಡಿಯೊ ಎರಡನ್ನೂ ‘ಸಮುದಾಯ ರೇಡಿಯೊ’ ಅಂತ ಒಂದೇ ಬುಟ್ಟಿಗೆ ಹಾಕಿದರು. ಒಂದೇ ನಿಯಮ. ಆಂಟೆನಾದಿಂದ ಹೊರಡುವ ಶಕ್ತಿ 100 ವ್ಯಾಟ್, ಎತ್ತರ 30 ಮೀಟರ್. ಅಂದರೆ ಸುಮಾರು 10–12 ಕಿಲೋಮೀಟರ್ ಕೇಳಿಸುತ್ತದೆ. ಸ್ವಂತ ಸುದ್ದಿ ಓದುವ ಹಾಗಿಲ್ಲ. ಜಾಹೀರಾತು ಆಗ ಗಂಟೆಗೆ 5 ನಿಮಿಷ. ಕಾರ್ಯಕ್ರಮದಲ್ಲಿ ಅರ್ಧದಷ್ಟಾದರೂ ಸ್ಥಳೀಯರು ಸೇರಿ ಮಾಡಿದ್ದಾಗಿರಬೇಕು. ಆರೋಗ್ಯ, ಕೃಷಿ, ಶಿಕ್ಷಣಕ್ಕೆ ಒತ್ತು. ಪ್ರಸಾರ ಆದದ್ದನ್ನೆಲ್ಲ ಮೂರು ತಿಂಗಳು ತೆಗೆದಿಡಬೇಕು. ಬೂದಿಕೋಟೆಗೆ ಇದು ಸರಿ. ಹತ್ತೊಂಬತ್ತು ವರ್ಷದ ಹುಡುಗರಿಗೆ?

2007ರಲ್ಲಿ ಬೆಂಗಳೂರಿನ ಜೈನ್ ಸಂಸ್ಥೆಯ ರೇಡಿಯೊ ಆ್ಯಕ್ಟಿವ್, ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಸ್ಟೇಷನ್, ಆಮೇಲೆ ಮಣಿಪಾಲ, ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಸಾರಂಗ್. ಒಂದೊಂದೂ ಒಂದೊಂದು ದಾರಿ ಹಿಡಿದವು. ನಾನು ಓದಿದ ಕಾಲೇಜಿಗೂ ಆ ಹೊತ್ತಿಗೇ ಅನುಮತಿ ಸಿಕ್ಕಿತು. ಹೆಸರು ಬೇಡ ಬಿಡಿ.

ಸ್ಟುಡಿಯೊ ಅಂದರೆ ಹಳೆಯ ಕೆಮಿಸ್ಟ್ರಿ ಸ್ಟೋರ್ ರೂಮು. ಗೋಡೆಗೆ ಫೋಮ್ ಅಂಟಿಸಿದ್ದರು, ಬಾಗಿಲಿಗೆ ದಪ್ಪ ಪರದೆ. ಆದರೂ ಮಳೆಗಾಲದಲ್ಲಿ ಹೊಸಿಲ ಹತ್ತಿರ ಆ್ಯಸಿಡ್ ವಾಸನೆ ಬರುತ್ತಿತ್ತು. ರೆಕಾರ್ಡಿಂಗ್ ಶುರುವಾದರೆ ಫ್ಯಾನ್ ಆಫ್. ಏಪ್ರಿಲ್ ತಿಂಗಳಲ್ಲಿ ಹತ್ತು ನಿಮಿಷ ಕೂತರೆ ಸ್ಕ್ರಿಪ್ಟಿನ ಕಾಗದ ಕೈಗೆ ಅಂಟಿಕೊಳ್ಳುತ್ತಿತ್ತು. ಎಂಟು ಫೇಡರಿನ ಮಿಕ್ಸರ್, ಅದರಲ್ಲಿ ಮೂರನೆಯದು ಮೇಲೆ ತಳ್ಳಿದರೆ ಕರ್ರ್ ಅನ್ನುತ್ತಿತ್ತು. ಕರೆಂಟ್ ಹೋದರೆ ಯುಪಿಎಸ್ ಪೀಂ ಪೀಂ ಅಂತ ಕೂಗುತ್ತಿತ್ತು. ಅದನ್ನು ಬಾಯಿ ಮುಚ್ಚಿಸುವುದು ಹೇಗೆ ಅಂತ ಮೂರು ವರ್ಷದಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಆ ಕಾಲದ ನಮ್ಮ ಅರ್ಧ ರೆಕಾರ್ಡಿಂಗಿನಲ್ಲಿ ಆ ಪೀಂ ಇದೆ.

ಮೊದಲ ಎರಡು ತಿಂಗಳು ಹಬ್ಬ. ಸಂಜೆ ನಾಲ್ಕರಿಂದ ಆರು ನಮ್ಮದು. ಸಿನಿಮಾ ಹಾಡು, ಭಾವಗೀತೆ, ಮೆಕ್ಯಾನಿಕಲ್ ಹುಡುಗರ ಬ್ಯಾಂಡು, ಯಾರೋ ತಂದ ಬಾಬ್ ಮಾರ್ಲಿ, ಎಲ್ಲ ಒಂದೇ ಪಂಕ್ತಿಯಲ್ಲಿ. ಹಾಸ್ಟೆಲಿನಲ್ಲಿ ಹುಡುಗರು ಕೀಪ್ಯಾಡ್ ಫೋನಿಗೆ ಇಯರ್‌ಫೋನ್ ಚುಚ್ಚಿ ಕೇಳುತ್ತಿದ್ದರು. ಆ ವೈರೇ ಫೋನಿನ ಆಂಟೆನಾ, ಅದಿಲ್ಲದೆ ಎಫ್‌ಎಂ ಬರುವುದಿಲ್ಲ. ಮೆಸ್ಸಿನ ಅಡುಗೆ ಭಟ್ಟರು ದಿನಾ ಒಂದು ಎಸ್ಸೆಮ್ಮೆಸ್ ಕಳಿಸುತ್ತಿದ್ದರು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ: ಪಿ.ಬಿ. ಶ್ರೀನಿವಾಸ್ ಅವರದು ಒಂದು ಹಾಕಿ. ಯಾವುದು ಅಂತ ಹೇಳುತ್ತಿರಲಿಲ್ಲ. ಹಾಕಿದ ದಿನ ರಾತ್ರಿ ಸಾರು ಚೆನ್ನಾಗಿರುತ್ತಿತ್ತು ಅಂತ ನಮ್ಮ ನಂಬಿಕೆ.

ಒಂದು ದಿನ ಒಂದು ಕಾಗದ ಬಂತು. ಯಾರಿಂದ ಅನ್ನುವುದು ಬೇಡ. ನೀವು ಹಾಕುವ ಧ್ವನಿಮುದ್ರಿತ ಹಾಡುಗಳಿಗೆ ಹಕ್ಕುದಾರರಿಗೆ ಶುಲ್ಕ ಕಟ್ಟಿದ್ದೀರಾ ಅಂತ ಪ್ರಶ್ನೆ. ಕಟ್ಟಿರಲಿಲ್ಲ. ಕಟ್ಟಬೇಕು ಅಂತಲೇ ಗೊತ್ತಿರಲಿಲ್ಲ. ಅದೇ ಹೊತ್ತಿನಲ್ಲಿ ದೊಡ್ಡ ಎಫ್‌ಎಂಗಳಿಗೂ ಸಂಗೀತ ಕಂಪನಿಗಳಿಗೂ ವರ್ಷಗಳಿಂದ ಜಗಳ ನಡೆದಿತ್ತು. ಕಂಪನಿಗಳು ಹಾಡು ಓಡಿದ ಗಂಟೆ ಲೆಕ್ಕದಲ್ಲಿ ದುಡ್ಡು ಕೇಳುತ್ತಿದ್ದವು. 2010ರ ಆಗಸ್ಟಿನಲ್ಲಿ ಕಾಪಿರೈಟ್ ಮಂಡಳಿ, ಜಾಹೀರಾತಿನ ನಿವ್ವಳ ಆದಾಯದ ಶೇ. 2 ಸಾಕು ಅಂತ ಹೇಳಿತು. ನಮ್ಮ ಜಾಹೀರಾತಿನ ಆದಾಯ ಸೊನ್ನೆ. ಸೊನ್ನೆಯ ಶೇ. 2 ಎಷ್ಟು ಅಂತ ನಾವು ನಕ್ಕೆವು. ಮೇಷ್ಟ್ರು ನಗಲಿಲ್ಲ. ‘ಅದು ಅವರ ಕೇಸು ಕಣಮ್ಮಾ, ನಮ್ಮದಲ್ಲ’ ಅಂದರು. ಮೀಟಿಂಗ್ ನಡೆಯಿತು. ಅವತ್ತಿನಿಂದ ಸಿನಿಮಾ ಹಾಡು ಬಂದ್. ಬ್ಯಾಂಡಿನ ಹುಡುಗರದ್ದು ಹಾಕಬಹುದಲ್ಲ, ಅವರೇ ಬರೆದದ್ದು ಅಂತ ಕೇಳಿದೆ. ‘ಗದ್ದಲ ಜಾಸ್ತಿ’ ಅಂತ ಕಮಿಟಿಯವರೊಬ್ಬರು ಅಂದರು. ಕಾಗದದ ನೆಪದಲ್ಲಿ ಹಳೆಯ ಹಾರ್ಮೋನಿಯಂ ಅನುಮಾನ ಬಾಗಿಲಲ್ಲಿ ಬಂದು ನಿಂತಿತ್ತು ಅಂತ ಈಗ ಅನ್ನಿಸುತ್ತದೆ. ಯಾರನ್ನೂ ದೂರುವ ಹಾಗಿಲ್ಲ. ಲೈಸೆನ್ಸ್ ಹೋದರೆ ಉತ್ತರ ಕೊಡಬೇಕಾದವರು ಅವರೇ.

ಹಾಗಾದರೆ ಎರಡು ಗಂಟೆ ಏನು ತುಂಬುವುದು? ಯಾರ ಹಕ್ಕೂ ಇಲ್ಲದ ಹಾಡು ಹುಡುಕುತ್ತಾ ಹೊರಟೆವು. ಸುತ್ತಲ ಹಳ್ಳಿಗಳಿಗೆ ಹೋಗಿ ಸೋಬಾನೆ ಪದ, ಬೀಸುವ ಪದ, ನಾಟಿ ಪದ. ಒಂದು ಶನಿವಾರ ಎಪ್ಪತ್ತರ ಅಜ್ಜಿಯೊಬ್ಬರು ಬಸ್ಸಿನಲ್ಲಿ ಸ್ಟುಡಿಯೊಗೇ ಬಂದರು. ಎಲೆ ಅಡಿಕೆ ಉಗಿದು ಬಾಯಿ ಮುಕ್ಕಳಿಸಿ ಕೂತರು. ಹೆಡ್‌ಫೋನ್ ಹಾಕಿದರೆ ಕಿತ್ತಿಟ್ಟರು, ‘ಕಿವಿ ಮುಚ್ಕಂಡು ಹೆಂಗ್ ಹಾಡಾದು ಮಗಾ’ ಅಂತ. ಮೈಕಿನ ಕಡೆ ನೋಡಲೇ ಇಲ್ಲ, ನನ್ನ ಮುಖ ನೋಡಿಕೊಂಡು ಹಾಡಿದರು, ಎದುರಿಗೆ ಮದುಮಗಳು ಕೂತಿದ್ದಾಳೋ ಅನ್ನುವ ಹಾಗೆ. ಮೂರನೇ ನುಡಿಯಲ್ಲಿ ಕರೆಂಟ್ ಹೋಗಿ ಯುಪಿಎಸ್ ಕೂಗಿತು. ಅವರು ನಿಲ್ಲಿಸಲಿಲ್ಲ. ಇನ್ನೊಮ್ಮೆ ಹಾಡಿ ಅಂದರೆ, ‘ಧಾರೆ ಎರಡ್ ಸಲ ಎರೀತಾರಾ?’ ಅಂದರು. ಹಾಗೇ ಪ್ರಸಾರ ಮಾಡಿದೆವು.

ಅದು ನಾವು ಮಾಡಿದ ಒಳ್ಳೆಯ ಕೆಲಸ, ಅನುಮಾನವೇ ಇಲ್ಲ. ಆದರೆ ಹಾಸ್ಟೆಲಿನ ಇಯರ್‌ಫೋನುಗಳು ಒಂದೊಂದಾಗಿ ಬೇರೆ ಸ್ಟೇಷನ್ನಿಗೆ ತಿರುಗಿದವು. ತಮ್ಮ ಇಷ್ಟದ ಹಾಡು ಕೇಳುತ್ತಾ ಹುಡುಗರು ಉಳಿದುಕೊಂಡಿದ್ದರೆ ಅಜ್ಜಿಯ ಹಾಡನ್ನೂ ಕೇಳುತ್ತಿದ್ದರು, ಅಲ್ವಾ? ಮೊದಲ ಎರಡು ತಿಂಗಳು ಹಾಗೇ ಆಗಿತ್ತು. ಭಟ್ಟರ ಎಸ್ಸೆಮ್ಮೆಸ್ಸೂ ನಿಂತಿತು.

ಆಮೇಲಿನದು ಬೇಗ ಹೇಳುತ್ತೇನೆ. 2012ರಲ್ಲಿ ಸ್ಪೆಕ್ಟ್ರಂ ಶುಲ್ಕವನ್ನು, ಅಂದರೆ ಗಾಳಿಯ ಅಲೆ ಬಳಸುವುದಕ್ಕೆ ಕಟ್ಟುವ ದುಡ್ಡನ್ನು, ವರ್ಷಕ್ಕೆ 19,700 ರೂಪಾಯಿಯಿಂದ 91,000ಕ್ಕೆ ಏರಿಸಿದರು. ಸಮುದಾಯ ರೇಡಿಯೊಗಳು ಪ್ರತಿಭಟಿಸಿದ ಮೇಲೆ ಹಿಂದೆಗೆದರು. ಅದೇ ವರ್ಷ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಬಂದು 31ಡಿ ಕಲಂ ಸೇರಿತು. ಅದರ ಪ್ರಕಾರ ಪ್ರಸಾರ ಮಾಡುವವರು ಮೊದಲೇ ನೋಟಿಸ್ ಕೊಟ್ಟು, ನಿಗದಿಯಾದ ರಾಯಲ್ಟಿ ಕಟ್ಟಿ ಹಾಡು ಹಾಕಬಹುದು. 2016ರಲ್ಲಿ ಜಿಯೊ ಬಂತು, 2019ರಲ್ಲಿ ಸ್ಪಾಟಿಫೈ. ಹೊಸ ಫೋನುಗಳಿಂದ ಎಫ್‌ಎಂ ಸದ್ದಿಲ್ಲದೆ ಮಾಯವಾಯಿತು. 2023ರಲ್ಲಿ ಸರ್ಕಾರವೇ ಫೋನ್ ಕಂಪನಿಗಳಿಗೆ ಎಫ್‌ಎಂ ಇಡಿ ಅಂತ ಸಲಹೆ ಕಳಿಸಬೇಕಾಯಿತು. 2024ರಲ್ಲಿ ಸಮುದಾಯ ರೇಡಿಯೊಗಳ ಜಾಹೀರಾತು ಸಮಯ ಗಂಟೆಗೆ 12 ನಿಮಿಷಕ್ಕೆ ಏರಿತು, 10 ಸೆಕೆಂಡಿಗೆ 74 ರೂಪಾಯಿ ದರ. ಆ ಹೊತ್ತಿಗೆ ದೇಶದಲ್ಲಿ ಇಂಥ ಸ್ಟೇಷನ್ನುಗಳು 480 ದಾಟಿದ್ದವು. ಅರ್ಧಕ್ಕಿಂತ ಹೆಚ್ಚು ಸಂಘ ಸಂಸ್ಥೆಗಳದ್ದು, ಉಳಿದದ್ದರಲ್ಲಿ ಹೆಚ್ಚಿನವು ಶಿಕ್ಷಣ ಸಂಸ್ಥೆಗಳದ್ದು.

ಹೀಗಾಗಿ ಅಕ್ಕನ ಮಗನ ಪ್ರಶ್ನೆಗೆ ನೇರ ಉತ್ತರ ಇಷ್ಟು: ಕಾಲೇಜು ರೇಡಿಯೊದಲ್ಲಿ ಹಾಡು ಹಾಕಬಾರದು ಅಂತ ನೀತಿಯಲ್ಲಿ ಬರೆದಿಲ್ಲ. ದುಡ್ಡಿನ ಭಯ ಇದೆ, ನೋಟಿಸಿನ ಭಯ ಇದೆ, ‘ಸಮುದಾಯ’ ಅಂದರೆ ಹಳ್ಳಿಯವರು ಮಾತ್ರ ಅನ್ನುವ ಅಭ್ಯಾಸ ಇದೆ. ಹಾಸ್ಟೆಲಿನ ನಾನೂರು ಹುಡುಗರೂ ಒಂದು ಸಮುದಾಯ ಅಂತ ಯಾರೂ ಅರ್ಜಿಯಲ್ಲಿ ಬರೆಯುವುದಿಲ್ಲ. ಬ್ಯಾಂಡಿನ ಹುಡುಗರ ಸ್ವಂತ ಹಾಡಿಗೆ ಯಾರಿಗೂ ಶುಲ್ಕ ಕಟ್ಟಬೇಕಿಲ್ಲ, ಅವರ ಒಂದು ಒಪ್ಪಿಗೆ ಪತ್ರ ಸಾಕು. ಇದನ್ನು ಅವನಿಗೆ ವಾಟ್ಸ್ಆ್ಯಪ್ ಮಾಡಿದೆ. ‘ಓಕೆ ಚಿಕ್ಕಮ್ಮ’ ಅಂತ ಹೆಬ್ಬೆರಳು ಕಳಿಸಿದ್ದಾನೆ.

ಕಳೆದ ತಿಂಗಳು ಒಂದು ಮದುವೆಗೆ ಅಂತ ನಮ್ಮ ಕಾಲೇಜಿನ ಊರ ಕಡೆ ಹೋಗಿದ್ದೆ. ವಾಪಸ್ ಬರುವಾಗ ಸಂಜೆ ನಾಲ್ಕೂವರೆ. ಕಾರಿನ ರೇಡಿಯೊ ತಿರುಗಿಸುತ್ತಾ ಹೋದೆ, ನಮ್ಮ ಹಳೆಯ ಸ್ಟೇಷನ್ ಸಿಕ್ಕಿತು. ಸೋಬಾನೆ ಪದ ಬರುತ್ತಿತ್ತು. ದನಿ ಗುರುತು ಸಿಗಲಿಲ್ಲ. ಮೂರನೇ ನುಡಿಗೆ ಪೀಂ ಅಂದಾಗ ಗಾಡಿ ಪಕ್ಕಕ್ಕೆ ಹಾಕಿದೆ. ಮುಗಿದ ಮೇಲೆ ಒಬ್ಬ ಹುಡುಗಿ, ಹಾಡಿದವರ ಹೆಸರು ಹೇಳದೆಯೇ, ಡೆಂಗಿ ಬಗ್ಗೆ ಮಾತು ಶುರು ಮಾಡಿದಳು. ಚೆನ್ನಾಗಿ ಮಾತಾಡುತ್ತಿದ್ದಳು. ಹಿಂದೆ ಫ್ಯಾನಿನ ಸದ್ದು ಇರಲಿಲ್ಲ. ಟೋಲ್ ದಾಟಿದ ಮೇಲೆ ಗರ ಗರ ಅಂತು, ಸ್ಟೇಷನ್ ಹೋಯಿತು.